‘ಬಿ’ ಎಂಬ ಶ್ರೇಣಿ: ಕೀಳೆನಿಸಿದ ಚಿತ್ರಗಳ ರಸಾಸ್ವಾದ ಮತ್ತು ಮೈಸೂರು ಸೀಮೆ

ಪ್ರವೇಶ

ಸಿನಿಮಾ ಹಂಚಿಕೆಯ ವ್ಯವಹಾರದಲ್ಲಿ ಊರುಗಳಿಗೂ ಶ್ರೇಣಿಯುಂಟು. ಬೆಂಗಳೂರು, ಮೈಸೂರುಗಳಂತಹ ನಗರಗಳು ‘ಎ’ ಕೇಂದ್ರಗಳು. ತಾಲ್ಲೂಕು ಪಟ್ಟಣಗಳು ‘ಬಿ’ ಕೇಂದ್ರಗಳು. ಹೋಬಳಿಯ ಊರುಗಳು, ಜಾತ್ರೆಯ ಬಯಲುಗಳು, ಟೂರಿಂಗ್ ಟಾಕೀಸಿನ ಡೇರೆಗಳು ‘ಸಿ’ ಕೇಂದ್ರಗಳು. ಈ ಲೆಕ್ಕದಲ್ಲಿ ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳು ಎಂದೂ ‘ಬಿ’ ಮತ್ತು ‘ಸಿ’ಗಳೇ. ಹಾಲಿವುಡ್ಡಿನ ಚರಿತ್ರೆಯಲ್ಲಿಯೂ ‘ಬಿ’ ಎಂಬ ಅಕ್ಷರವಿದೆ. ಆದರೆ ಅಲ್ಲಿ ಅದು ಚಿತ್ರಕ್ಕೆ ಅಂಟಿದ ಅಕ್ಷರ, ಇಲ್ಲಿ ಊರಿಗೆ ಅಂಟಿದ ಅಕ್ಷರ. ಈ ವ್ಯತ್ಯಾಸ ಮೇಲುನೋಟಕ್ಕೆ ಸಣ್ಣದೆನಿಸಿದರೂ, ‘ಕೀಳು ಅಭಿರುಚಿಯ ಚಿತ್ರ’ ಎಂದು ನಾವು ತೀರ್ಪು ಕೊಡುವಾಗ ನಿಜವಾಗಿ ಯಾವುದರ ಮೇಲೆ ತೀರ್ಪು ಕೊಡುತ್ತಿದ್ದೇವೆ, ಚಿತ್ರದ ಮೇಲೆಯೋ ಅದರ ಪ್ರೇಕ್ಷಕನ ಮೇಲೆಯೋ ಎಂಬ ಪ್ರಶ್ನೆಯನ್ನು ಎತ್ತುತ್ತದೆ.

ದೆವ್ವ, ನಾಗಕನ್ಯೆ, ಮಾಂತ್ರಿಕ, ಕಾಡುಮನುಷ್ಯ, ಪತ್ತೇದಾರರ ಚಿತ್ರಗಳನ್ನು ಕನ್ನಡ ವಿಮರ್ಶೆ ಹೆಚ್ಚಾಗಿ ಗಣನೆಗೆ ತೆಗೆದುಕೊಂಡಿಲ್ಲ. ‘ಸಂಸ್ಕಾರ’ (1970) ಚಿತ್ರದೊಡನೆ ಆರಂಭವಾದ ಹೊಸ ಅಲೆಯನ್ನು ನವ್ಯ ಸಾಹಿತ್ಯದ ಮಾನದಂಡಗಳಿಂದ ಅಳೆಯಲು ಕಲಿತ ನಮಗೆ ಉಳಿದದ್ದೆಲ್ಲ ವ್ಯಾಪಾರೀ ಸರಕಾಗಿ ಕಂಡಿತು. ಇಂತಹ ಚಿತ್ರಗಳನ್ನು ಹೇಗೆ ನೋಡಬೇಕು, ಅವುಗಳ ಆಸ್ವಾದಕ್ಕೆ ಯಾವ ಪರಿಕರಗಳು ಬೇಕು ಎಂಬುದನ್ನು ಈ ಸೀಮೆಗೆ ಸಂಬಂಧಿಸಿದ ಎರಡು ಎಳೆಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಿಂದ ಹಾಲಿವುಡ್ಡಿಗೆ ಹೋದ ಸಾಬುವಿನದು. ಮತ್ತೊಂದು, ಮೈಸೂರಿನ ಮಹಾತ್ಮ ಪಿಕ್ಚರ್ಸ್ ಮತ್ತು ಅದರಿಂದ ಹೊರಟ ಬಿ. ವಿಠಲಾಚಾರ್ಯರದು.

1. ಪರಿಭಾಷೆಯ ಹಿನ್ನೆಲೆ

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಚಿತ್ರಮಂದಿರಗಳು ಪ್ರೇಕ್ಷಕರನ್ನು ಸೆಳೆಯಲು ಒಂದೇ ಟಿಕೆಟಿಗೆ ಎರಡು ಚಿತ್ರಗಳನ್ನು ತೋರಿಸತೊಡಗಿದವು. ಮೊದಲನೆಯದು ತಾರೆಗಳಿದ್ದ ‘ಎ’ ಚಿತ್ರ. ಅದರ ಬಾಡಿಗೆ ಗಳಿಕೆಯ ಶೇಕಡಾವಾರು ಲೆಕ್ಕದ್ದು. ಎರಡನೆಯದು ಸುಮಾರು ಒಂದು ಗಂಟೆಯ ‘ಬಿ’ ಚಿತ್ರ; ಅದಕ್ಕೆ ಗೊತ್ತುಪಡಿಸಿದ ಬಾಡಿಗೆ. ಆದಾಯ ಮೊದಲೇ ಗೊತ್ತಿದ್ದುದರಿಂದ ಖರ್ಚೂ ಮೊದಲೇ ನಿಗದಿಯಾಗುತ್ತಿತ್ತು. ಈ ಲೆಕ್ಕಾಚಾರದ ಫಲವಾಗಿ ಒಂದು ವಿಚಿತ್ರ ಸ್ವಾತಂತ್ರ್ಯ ಹುಟ್ಟಿತು. ಹಣ ಮತ್ತು ದಿನಗಳ ಮಿತಿಯನ್ನು ಮೀರದಿದ್ದರೆ ಒಳಗೆ ಏನು ಮಾಡಿದರೂ ಕೇಳುವವರು ಕಡಿಮೆ. ಆರ್‌ಕೆಓ ಸಂಸ್ಥೆಯ ನಿರ್ಮಾಪಕ ವ್ಯಾಲ್ ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ 1942ರಲ್ಲಿ ‘ಕ್ಯಾಟ್ ಪೀಪಲ್’ ತಯಾರಿಸಿದಾಗ ಭೀಕರ ಮೃಗವನ್ನು ತೋರಿಸುವ ಬದಲು ಅದರ ನೆರಳನ್ನು ತೋರಿಸಿದರು. ಕೊರತೆಯೇ ಶೈಲಿಯಾಯಿತು.

1948ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ದೊಡ್ಡ ಸ್ಟುಡಿಯೋಗಳಿಗೂ ಚಿತ್ರಮಂದಿರಗಳಿಗೂ ಇದ್ದ ಒಡೆತನದ ಸಂಬಂಧವನ್ನು ಮುರಿಯುವ ತೀರ್ಪು ನೀಡಿತು. ಅನಂತರ ಸಣ್ಣ ಸಂಸ್ಥೆಗಳಿಗೆ ಎಡೆ ದೊರೆಯಿತು. ಮೊದಲು ಶೀರ್ಷಿಕೆ, ಆಮೇಲೆ ಭಿತ್ತಿಪತ್ರ, ಕೊನೆಗೆ ಚಿತ್ರ ಎಂಬ ಕ್ರಮದಲ್ಲಿಯೂ ಸಿನಿಮಾಗಳು ತಯಾರಾದವು. ಇವನ್ನು ‘ಎಕ್ಸ್‌ಪ್ಲಾಯಿಟೇಷನ್’ ಚಿತ್ರಗಳೆಂದು ಕರೆಯಲಾಯಿತು. ಇದನ್ನು ‘ಶೋಷಣೆಯ ಚಿತ್ರ’ ಎಂದು ಅನುವಾದಿಸಿದರೆ ಅರ್ಥ ತಪ್ಪುತ್ತದೆ. ಪ್ರಚಾರಕ್ಕೆ ದುಡಿಸಿಕೊಳ್ಳಬಹುದಾದ ವಸ್ತು ಉಳ್ಳದ್ದು ಎಂಬುದು ಆ ವ್ಯವಹಾರದ ಮಾತಿನಲ್ಲಿ ಅದರ ಮೂಲಾರ್ಥ. ಬಿಡುಗಡೆಯ ಕಾಲದಲ್ಲಿ ಸೋತು, ಅನಂತರ ಒಂದು ಸಣ್ಣ ಬಳಗದ ನಿಷ್ಠೆಯನ್ನು ಪಡೆದವು ‘ಕಲ್ಟ್’ ಚಿತ್ರಗಳೆನಿಸಿಕೊಂಡವು. ಸೂಸನ್ ಸೊಂಟಾಗ್ 1964ರಲ್ಲಿ ‘ಕ್ಯಾಂಪ್’ ಎಂಬ ಅಭಿರುಚಿಯನ್ನು ಕುರಿತು ಬರೆದ ಟಿಪ್ಪಣಿಗಳು, ಜೆಫ್ರಿ ಸ್ಕೋನ್ಸ್ 1995ರಲ್ಲಿ ಬರೆದ ಪ್ರಬಂಧ ಇವು ಕಸವೆಂದು ಎಸೆದ ಚಿತ್ರಗಳನ್ನು ವಿದ್ವತ್ತಿನ ಅಂಗಳಕ್ಕೆ ತಂದವು. ಅಭಿರುಚಿಯ ಮೇಲುಕೀಳು ವರ್ಗದ ಮೇಲುಕೀಳಿನಿಂದ ಬೇರೆಯಲ್ಲ ಎಂಬುದು ಸ್ಕೋನ್ಸ್ ಅವರ ವಾದದ ತಿರುಳು. ನಮ್ಮ ‘ಬಿ’ ಕೇಂದ್ರಗಳ ವಿಷಯದಲ್ಲಿ ಈ ಮಾತಿಗೆ ಹೆಚ್ಚಿನ ಬಲವಿದೆ.

2. ಕಾರಾಪುರದಿಂದ ನಾಗದ್ವೀಪಕ್ಕೆ

ಕನ್ನಡ ಸಾಹಿತ್ಯದ ಓದುಗರಿಗೆ ಹೆಗ್ಗಡದೇವನಕೋಟೆಯ ಕಾಡು ಮಾಸ್ತಿಯವರ ‘ಕಾಕನಕೋಟೆ’ ನಾಟಕದಿಂದ, ಸಿ.ಆರ್. ಸಿಂಹ ಅದನ್ನು ತೆರೆಗೆ ತಂದುದರಿಂದ ಪರಿಚಿತ. ಆನೆ ಹಿಡಿಯುವ ಖೆಡ್ಡಾ ಕಾರ್ಯಾಚರಣೆ ಇಲ್ಲಿ 1971ರವರೆಗೂ ನಡೆಯಿತು. ಇದೇ ಕಾಡಿನ ಅಂಚಿನ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, ಮೈಸೂರು ಸಂಸ್ಥಾನದ ಆನೆಲಾಯದ ಆಶ್ರಯದಲ್ಲಿ ಬೆಳೆದ ಬಾಲಕ. 1935ರಲ್ಲಿ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿ ಕಿಪ್ಲಿಂಗನ ಆನೆ ಕಥೆಯೊಂದನ್ನು ಚಿತ್ರಿಸಲು ಮೈಸೂರಿಗೆ ಬಂದಾಗ ಈ ಹುಡುಗ ಆಯ್ಕೆಯಾದ. ಮೈಸೂರಿನ ಚಿತ್ತರಂಜನ್ ಮಹಲ್ ಆ ತಂಡದ ಬೀಡಾಗಿತ್ತು. ಲಂಡನ್ನಿನ ಸ್ಟುಡಿಯೋದಲ್ಲಿ ಝೋಲ್ಟಾನ್ ಕೋರ್ಡಾ ಪೂರ್ಣಗೊಳಿಸಿದ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು.

ಅನಂತರದ ‘ದಿ ಥೀಫ್ ಆಫ್ ಬಾಗ್ದಾದ್’ (1940) ಮತ್ತು ‘ಜಂಗಲ್ ಬುಕ್’ (1942) ಚಿತ್ರಗಳು ಚರಿತ್ರೆಯಲ್ಲಿ ಗೌರವದ ಸ್ಥಾನ ಪಡೆದಿವೆ. ನಮ್ಮ ಚರ್ಚೆಗೆ ಮುಖ್ಯವಾದದ್ದು ಅದರ ಮುಂದಿನ ಘಟ್ಟ. ಯೂನಿವರ್ಸಲ್ ಸಂಸ್ಥೆಯು ಮರಿಯಾ ಮಾಂಟೆಝ್, ಜಾನ್ ಹಾಲ್ ಮತ್ತು ಸಾಬು ಮೂವರನ್ನೂ ಕೂಡಿಸಿ ‘ಅರೇಬಿಯನ್ ನೈಟ್ಸ್’ (1942), ‘ವೈಟ್ ಸ್ಯಾವೇಜ್’ (1943), ‘ಕೋಬ್ರಾ ವುಮನ್’ (1944) ಎಂಬ ಚಿತ್ರಗಳನ್ನು ತಯಾರಿಸಿತು. ಮೂರನೆಯದರ ಕಥೆ ಹೀಗಿದೆ: ಮದುವೆಯ ಹೊತ್ತಿನಲ್ಲಿ ಅಪಹೃತಳಾದ ವಧು ನಾಗದ್ವೀಪಕ್ಕೆ ಒಯ್ಯಲ್ಪಡುತ್ತಾಳೆ. ಅಲ್ಲಿ ಅವಳ ಅವಳಿ ಸೋದರಿಯೇ ನಾಗಪೂಜೆಯ ಕ್ರೂರ ಅರ್ಚಕಿ. ಬೆಂಕಿಯುಗುಳುವ ಬೆಟ್ಟಕ್ಕೆ ನರಬಲಿ ಸಲ್ಲುತ್ತಿರುತ್ತದೆ. ನಾಯಕನೂ ಅವನ ಗೆಳೆಯನಾದ ಸಾಬುವೂ ಒಂದು ಚಿಂಪಾಂಜಿಯೊಡನೆ ಅವಳನ್ನು ಬಿಡಿಸಲು ಹೊರಡುತ್ತಾರೆ. ಟೆಕ್ನಿಕಲರ್ ವರ್ಣದಲ್ಲಿ ತಯಾರಾದ ಈ ಚಿತ್ರ ಖರ್ಚಿನ ಲೆಕ್ಕದಲ್ಲಿ ‘ಬಿ’ ಅಲ್ಲ. ಅಭಿರುಚಿಯ ಶ್ರೇಣಿಯಲ್ಲಿ ಮಾತ್ರ ಅದನ್ನು ಕೆಳಗಿರಿಸಲಾಯಿತು. ಕೃತಕವೆಂದು ಕಣ್ಣಿಗೆ ಹೊಡೆಯುವ ಹಾವು, ಮಿನುಗುವ ಉಡುಪು, ಅಭಿನಯವೆಂದು ಕರೆಯಲಾಗದ ಅಭಿನಯ ಇವೆಲ್ಲ ಗೇಲಿಗೆ ಗುರಿಯಾದವು. ಆದರೆ 1960ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಪ್ರಾಯೋಗಿಕ ಚಿತ್ರಕಾರ ಜಾಕ್ ಸ್ಮಿತ್ ಮಾಂಟೆಝ್ ಅವರನ್ನು ಕುರಿತು ಪ್ರಬಂಧ ಬರೆದು, ತನ್ನ ಕನಸನ್ನು ಪೂರ್ತಿ ನಂಬಿದ ನಟಿಯ ಆ ನಂಬಿಕೆಯೇ ಕಲೆ ಎಂಬ ನಿಲುವನ್ನು ಮಂಡಿಸಿದರು. ‘ಕೋಬ್ರಾ ವುಮನ್’ ಇಂದು ಕಲ್ಟ್ ಚಿತ್ರಗಳ ಸಾಲಿನಲ್ಲಿದೆ.

1944ರಲ್ಲಿ ಅಮೆರಿಕದ ಪೌರತ್ವ ಪಡೆದು, ಅಲ್ಲಿಯ ವಾಯುಪಡೆಯಲ್ಲಿ ಯುದ್ಧಸೇವೆ ಸಲ್ಲಿಸಿದ ಸಾಬು ಹಿಂದಿರುಗಿದಾಗ ಅವನಿಗೆ ದೊರೆತವು ಬಹುಪಾಲು ‘ಸ್ಯಾವೇಜ್ ಡ್ರಮ್ಸ್’ (1951), ‘ಜಂಗಲ್ ಹೆಲ್’ (1956) ಮುಂತಾದ ಅಗ್ಗದ ಚಿತ್ರಗಳು. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವನನ್ನು ಬಯಸಿದ್ದರೂ ಅದು ಕೈಗೂಡಲಿಲ್ಲ. ಒಂದೂ ಭಾರತೀಯ ಚಿತ್ರದಲ್ಲಿ ಅಭಿನಯಿಸದೆ 1963ರಲ್ಲಿ, 39ರ ವಯಸ್ಸಿನಲ್ಲಿ, ಅವನು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ಮೂವತ್ತು ದಾಟಿದ ಗೃಹಸ್ಥನನ್ನೂ ತೆರೆಯ ಮೇಲೆ ಕಾಡಿನ ಹುಡುಗನನ್ನಾಗಿಯೇ ಉಳಿಸಿದ ಆ ಚಿತ್ರಗಳಲ್ಲಿ ಅವನ ಕಾಡು ಒಮ್ಮೆ ಆಫ್ರಿಕದಂತೆಯೂ ಒಮ್ಮೆ ಶಾಂತಸಾಗರದ ದ್ವೀಪದಂತೆಯೂ ಕಾಣುತ್ತದೆ. ಕಪಿಲೆಯ ದಂಡೆಯಂತೆ ಕಾಣುವುದಿಲ್ಲ. ‘ಬಿ’ ಚಿತ್ರಗಳ ಆಸ್ವಾದವನ್ನು ಬರಿಯ ವಿನೋದಕ್ಕೆ ಸೀಮಿತಗೊಳಿಸಿದರೆ ಈ ನಷ್ಟ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

3. ಮಹಾತ್ಮ ಪಿಕ್ಚರ್ಸ್: ಮೈಸೂರಿನ ಅದ್ಭುತ ಚಿತ್ರಗಳು

‘ಕೋಬ್ರಾ ವುಮನ್’ ಬಂದ ಐದು ವರ್ಷಗಳಿಗೆ, 1949ರಲ್ಲಿ, ಮೈಸೂರಿನ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯಿಂದ ‘ನಾಗಕನ್ನಿಕಾ’ ಬಂದಿತು. ಇವೆರಡರ ನಡುವೆ ನೇರ ಪ್ರಭಾವವನ್ನು ಹುಡುಕುವ ಅಗತ್ಯವಿಲ್ಲ. ನಾಗಕನ್ಯೆಯ ಆಶಯ ನಮ್ಮ ಜನಪದ ಕಥೆಗಳಲ್ಲಿ ಹಿಂದಿನಿಂದಲೂ ಇದೆ. ಪರದೇಶದ ಸ್ಟುಡಿಯೋದಲ್ಲಿ ವಿಲಕ್ಷಣ ಸರಕಾಗಿದ್ದ ವಸ್ತು ಇಲ್ಲಿ ಪರಿಚಿತ ಕಥಾಸಾಮಗ್ರಿಯಾಗಿತ್ತು ಎಂಬುದಷ್ಟೇ ಗಮನಾರ್ಹ.

ಡಿ. ಶಂಕರ್‌ಸಿಂಗ್ ಮತ್ತು ಬಿ. ವಿಠಲಾಚಾರ್ಯ ಈ ಸಂಸ್ಥೆಯ ಆಧಾರಸ್ತಂಭಗಳು. ಶಂಕರ್‌ಸಿಂಗ್ ನಿರ್ದೇಶಿಸಿದ ‘ಜಗನ್ಮೋಹಿನಿ’ (1951) ನೂರು ದಿನ ಓಡಿದ ಮೊದಲ ಕನ್ನಡ ಚಿತ್ರವೆಂದು ಚಿತ್ರರಂಗದ ಇತಿಹಾಸ ದಾಖಲಿಸುತ್ತದೆ. ಆ ದಾಖಲೆ ಸಂದದ್ದು ದಾವಣಗೆರೆಯಲ್ಲಿ. ಪುರಾಣ ಮತ್ತು ಭಕ್ತಿಚಿತ್ರಗಳೇ ಪ್ರಧಾನವಾಗಿದ್ದ ಕಾಲದಲ್ಲಿ ಮಾಯೆ, ಮೋಹ, ಮಂತ್ರಗಳ ಕಥೆಯನ್ನು ಹೇಳಿದ ಈ ಚಿತ್ರದಲ್ಲಿ ಹರಿಣಿ ಅವರ ವೇಷಭೂಷಣ ಅಂದಿಗೆ ದಿಟ್ಟವೆನಿಸಿತು. ಕನ್ನಡ ಚಿತ್ರರಂಗದ ಮೊದಲ ದೊಡ್ಡ ಜನಪ್ರಿಯತೆ ಒಂದು ‘ಬಿ’ ಗುಣದ ಚಿತ್ರಕ್ಕೆ ದೊರೆಯಿತೆಂಬುದು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಸಿನಿಮಾಕ್ಕೆ ಮೀಸಲಾದ ಪುಟಗಳಲ್ಲಿ ಒಂದು ಸಾಲಾಗಿ ಮುಗಿದುಹೋಗುತ್ತದೆ.

ವಿಠಲಾಚಾರ್ಯರ (1920-1999) ಜೀವನಕ್ರಮವೇ ಈ ಸಿನಿಮಾದ ಕಾವ್ಯಮೀಮಾಂಸೆಗೆ ಒಳ್ಳೆಯ ಪ್ರವೇಶ. ಉಡುಪಿ ಬಳಿಯ ಉದ್ಯಾವರದಿಂದ ಅರಸೀಕೆರೆಗೆ ಬಂದು ಹೋಟೆಲು ನಡೆಸಿದ ಅವರು, ಅನಂತರ ಹಾಸನ ಸೀಮೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿದರು. ಹಾಸನ ಜಿಲ್ಲೆಗೆ ತಾಗಿಕೊಂಡ ಕೃಷ್ಣರಾಜನಗರದಂತಹ ಕಡೆಯ ಪ್ರೇಕ್ಷಕನ ಸ್ವಭಾವವೂ ಅದೇ ಬಗೆಯದೆಂದು ಊಹಿಸಬಹುದು. ನಿರ್ದೇಶಕನಾಗುವ ಮೊದಲೇ ಅವರು ಡೇರೆಯೊಳಗೆ ನಿಂತು, ಜನ ಎಲ್ಲಿ ಉಸಿರು ಹಿಡಿಯುತ್ತಾರೆ, ಎಲ್ಲಿ ಬೀಡಿ ಹಚ್ಚಲು ಹೊರಗೆ ಎದ್ದುಹೋಗುತ್ತಾರೆ ಎಂಬುದನ್ನು ನೋಡಬಲ್ಲ ಜಾಗದಲ್ಲಿದ್ದರು. ರಾಜ್‌ಕುಮಾರ್ ನಟಿಸಿದ ‘ವೀರಕೇಸರಿ’ (1963) ಅವರ ಪ್ರಸಿದ್ಧ ಕನ್ನಡ ಚಿತ್ರ. ತೆಲುಗಿನಲ್ಲಿ ‘ಜಾನಪದ ಬ್ರಹ್ಮ’ ಎಂದೇ ಹೆಸರಾದ ಅವರು 1978ರಲ್ಲಿ ಮತ್ತೊಂದು ‘ಜಗನ್ಮೋಹಿನಿ’ಯನ್ನು ನಿರ್ದೇಶಿಸಿ ದೊಡ್ಡ ಯಶಸ್ಸು ಪಡೆದರು. ದೆವ್ವವೊಂದು ಸೌದೆಯ ಬದಲು ತನ್ನ ಕಾಲನ್ನೇ ಒಲೆಗೆ ಇಟ್ಟು ಅಡುಗೆ ಮಾಡುವ ಆ ಚಿತ್ರದ ದೃಶ್ಯ ನೋಡಿದವರ ನೆನಪಿನಿಂದ ಅಳಿಯುವುದಿಲ್ಲ.

ಆ ದೃಶ್ಯದ ಶಕ್ತಿ ಎಲ್ಲಿದೆ? ಅದರಲ್ಲಿ ದುಬಾರಿ ತಂತ್ರವಿಲ್ಲ. ಬೇಕಾದದ್ದು ಒಂದು ಒಲೆ, ಒಂದು ಕೃತಕ ಕಾಲು. ಮನೆಯ ಒಳಭಾಗ, ಹೆಣ್ಣಿನ ದಿನನಿತ್ಯದ ದುಡಿಮೆ, ಸೌದೆಯ ಕೊರತೆ ಇವೆಲ್ಲ ಹಳ್ಳಿಯ ಪ್ರೇಕ್ಷಕರಿಗೆ ಅತಿ ಪರಿಚಿತ. ಅತಿ ಪರಿಚಿತವಾದದ್ದರೊಳಗೆ ಅಸಂಭವವನ್ನು ಇಟ್ಟಾಗ ಭಯ ಮತ್ತು ನಗೆ ಒಟ್ಟಿಗೆ ಹುಟ್ಟುತ್ತವೆ. ದಿನಾಂಕಗಳ ವಿಷಯದಲ್ಲಿ ತಕರಾರು ಮಾಡಿದ ನಟನ ಪಾತ್ರವನ್ನು ಮುನಿಯ ಶಾಪದಿಂದ ಪ್ರಾಣಿಯೋ ಪಕ್ಷಿಯೋ ಆಗಿ ಮಾರ್ಪಡಿಸಿ ವಿಠಲಾಚಾರ್ಯರು ಚಿತ್ರ ಮುಂದುವರಿಸುತ್ತಿದ್ದರೆಂಬ ಐತಿಹ್ಯವೂ ಪ್ರಚಾರದಲ್ಲಿದೆ. ಅದು ದಂತಕಥೆಯೇ ಇರಬಹುದು. ಆದರೂ ಉತ್ಪಾದನೆಯ ಅಡಚಣೆ ಕಥನದ ತಿರುವಾಗುವ ಈ ಬಗೆಯ ಸಿನಿಮಾದ ಮೂಲಸೂತ್ರವನ್ನು ಅದು ಸರಿಯಾಗಿ ಹಿಡಿದಿದೆ.

4. ಡೇರೆಯ ಪ್ರೇಕ್ಷಕನ ರಸಶಿಕ್ಷಣ

ಇಂತಹ ಚಿತ್ರಗಳನ್ನು ಮೆಚ್ಚಿದ ಪ್ರೇಕ್ಷಕ ಮುಗ್ಧ, ಅಶಿಕ್ಷಿತ ಎಂಬ ಗ್ರಹಿಕೆಯನ್ನು ಪರಿಶೀಲಿಸಬೇಕು. ದೇವರ ಸ್ತುತಿಗೀತೆ ಧ್ವನಿವರ್ಧಕದಲ್ಲಿ ಕೇಳಿದೊಡನೆ ಆಟ ಶುರುವಾಗುವುದೆಂದು ತಿಳಿದು ಹಳ್ಳಿಗಳಿಂದ ಡೇರೆಗೆ ನಡೆದುಬಂದು, ನೆಲದ ಟಿಕೆಟು ಕೊಂಡು ಮರಳಿನ ಮೇಲೆ ಕುಳಿತ ಈ ಪ್ರೇಕ್ಷಕನಿಗೆ ಅದ್ಭುತ, ಭಯಾನಕ, ಬೀಭತ್ಸಗಳ ದೀರ್ಘ ಪರಿಚಯವಿತ್ತು. ಮೈಸೂರು ಸೀಮೆಯಲ್ಲಿ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಗುರು ಕಲ್ಯಾಣಕ್ಕೆ ಬರುವುದು ಕೊಳೆತು ನಾರುವ ಕುಷ್ಠರೋಗಿಯ ರೂಪದಲ್ಲಿ. ಆ ಜುಗುಪ್ಸೆಯನ್ನು ದಾಟಬಲ್ಲವನೇ ನಿಜವಾದ ಶರಣ ಎಂಬುದು ಅಲ್ಲಿಯ ಪರೀಕ್ಷೆ. ಕಂಸಾಳೆಯವರು ಹಾಡುವ ಮಾದೇಶ್ವರ ಕಾವ್ಯದಲ್ಲಿ ಶ್ರವಣನೆಂಬ ಅಸುರನ ವಧೆಯಿದೆ. ರಾತ್ರಿಯೆಲ್ಲ ಇವನ್ನು ಕೇಳಿದ ಕಿವಿಗೆ ಮಾಂತ್ರಿಕನೂ ರಾಕ್ಷಸನೂ ಹೊಸಬರಲ್ಲ. ಕೃತಕ ಹಾವು ಕೃತಕವೆಂದು ಅವರಿಗೆ ಗೊತ್ತಿರಲಿಲ್ಲವೆಂದು ಭಾವಿಸುವುದು ನಮ್ಮ ಅಜ್ಞಾನ. ಮೂಡಲಪಾಯದ ಕಿರೀಟ ರಟ್ಟಿನದೆಂದು ತಿಳಿದೂ ಅದನ್ನು ಧರಿಸಿದವನನ್ನು ಅರಸನೆಂದು ಒಪ್ಪುವ ಸಂಪ್ರದಾಯ ಅವರದು.

ಶಿಷ್ಟ ಪರಂಪರೆಯೂ ಇದರಿಂದ ದೂರವಿಲ್ಲ. ಜನ್ನನ ‘ಯಶೋಧರ ಚರಿತೆ’ಯ (1209) ಚಂಡಮಾರಿಯ ಗುಡಿ, ಅಲ್ಲಿಯ ಬಲಿಯ ಸಿದ್ಧತೆ, ರಾಣಿ ಅಮೃತಮತಿ ವಿಕಾರ ರೂಪದ ಮಾವುತನಿಗೆ ಸೋಲುವುದು ಇವನ್ನು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ. ರನ್ನನ ದುರ್ಯೋಧನ ರಣರಂಗದಲ್ಲಿ ಮರುಳುಗಳ ಗೇಲಿಗೆ ಗುರಿಯಾಗುವ ಸನ್ನಿವೇಶವನ್ನು ಮೆಚ್ಚಿ ವಿವರಿಸುತ್ತೇವೆ. ಬಲಿಪೀಠ, ಕ್ರೂರ ಅರ್ಚನೆ, ಮೋಹ, ಭೂತಗಳು ಇವೇ ವಸ್ತುಗಳು ತೆರೆಯ ಮೇಲೆ ಬಂದಾಗ ನಮಗೆ ಕೀಳೆನಿಸುವುದೇಕೆ? ಜನ್ನನಲ್ಲಿ ಅವು ಅಹಿಂಸೆಯ ದರ್ಶನಕ್ಕೆ ಒಳಪಟ್ಟಿವೆ, ಇಲ್ಲಿ ಹಾಗಿಲ್ಲ ಎಂಬ ಉತ್ತರದಲ್ಲಿ ಸತ್ಯವಿದೆ. ಆದರೆ ಆ ಉತ್ತರ ದರ್ಶನದ ವಿಷಯಕ್ಕೆ ಸಂಬಂಧಿಸಿದ್ದು. ರಸದ ವಿಷಯಕ್ಕೆ ಅದು ಪೂರ್ಣ ಉತ್ತರವಲ್ಲ. ಭಯಾನಕ ಮತ್ತು ಬೀಭತ್ಸಗಳು ಅಂಗವಾಗಿ ಮಾತ್ರವಲ್ಲ, ಅಂಗಿಯಾಗಿಯೂ ನಿಲ್ಲಬಲ್ಲವೇ ಎಂಬ ಕಾವ್ಯಮೀಮಾಂಸೆಯ ಪ್ರಶ್ನೆಯನ್ನು ಈ ಚಿತ್ರಗಳು ಹೊಸದಾಗಿ ಕೇಳುತ್ತವೆ.

5. ಭಯದ ಪರಿಹಾರ: ಮೂರು ಮಾದರಿಗಳು

ಭಯಾನಕ ಚಿತ್ರಗಳನ್ನು ಓದುವ ಒಂದು ಉಪಯುಕ್ತ ಕ್ರಮವೆಂದರೆ, ಅವು ಭಯವನ್ನು ಹುಟ್ಟಿಸುವ ಬಗೆಗಿಂತ ಅದನ್ನು ಪರಿಹರಿಸುವ ಬಗೆಯನ್ನು ಗಮನಿಸುವುದು. ‘ನಾ ನಿನ್ನ ಬಿಡಲಾರೆ’ (1979) ಚಿತ್ರದಲ್ಲಿ ಅನಂತನಾಗ್ ಪಾತ್ರವನ್ನು ಆವರಿಸುವ ಹೆಣ್ಣುದೆವ್ವದಿಂದ ಬಿಡುಗಡೆ ದೊರೆಯುವುದು ರಾಘವೇಂದ್ರಸ್ವಾಮಿಗಳ ಮಹಿಮೆಯಿಂದ. ಭಕ್ತಿಚಿತ್ರದ ಚೌಕಟ್ಟು ಭಯಾನಕವನ್ನು ಒಳಗೊಂಡು ಪಳಗಿಸುತ್ತದೆ. ಉಪೇಂದ್ರ ನಿರ್ದೇಶನದ ‘ಶ್!’ (1993) ಚಿತ್ರೀಕರಣಕ್ಕೆ ಬಂದ ತಂಡವನ್ನೇ ದೆವ್ವದ ಭಯದ ನಡುವೆ ನಿಲ್ಲಿಸಿ, ಭಯದ ಉತ್ಪಾದನೆಯನ್ನೇ ವಸ್ತುವಾಗಿಸಿತು. ಮಲಯಾಳದ ‘ಮಣಿಚಿತ್ರತ್ತಾಳ್’ (1993) ಆಧರಿಸಿ ಪಿ. ವಾಸು ನಿರ್ದೇಶಿಸಿದ ‘ಆಪ್ತಮಿತ್ರ’ದಲ್ಲಿ (2004) ಪರಿಹಾರ ಕಾಣುವವನು ಮನೋವೈದ್ಯ. ಆದರೆ ಅವನೂ ಮಾಂತ್ರಿಕ ವಿಧಿಯ ರಂಗಸಜ್ಜಿಕೆಯ ನೆರವಿಲ್ಲದೆ ಗೆಲ್ಲಲಾರ. ದೈವ, ಸಿನಿಮಾ, ಮನೋವಿಜ್ಞಾನ ಎಂಬ ಈ ಮೂರು ಪರಿಹಾರಗಳು ಕಾಲು ಶತಮಾನದಲ್ಲಿ ನಮ್ಮ ಸಮಾಜದ ಅಧಿಕಾರದ ಕೇಂದ್ರಗಳು ಹೇಗೆ ಸರಿದವೆಂಬುದನ್ನು ಸೂಚಿಸುತ್ತವೆ. ‘ಆಪ್ತಮಿತ್ರ’ ದೊಡ್ಡ ತಾರೆಯರ ದೊಡ್ಡ ಚಿತ್ರ ಎಂಬುದೂ ಗಮನಾರ್ಹ. ‘ಬಿ’ ವಸ್ತು ‘ಎ’ ಶ್ರೇಣಿಗೆ ಏರಿದಾಗ ಅದು ವೈಚಾರಿಕತೆಯ ಪರವಾನಗಿಯನ್ನು ಕೇಳುತ್ತದೆ.

ಇದೇ ಅವಧಿಯ ಹಿಂದಿಯಲ್ಲಿ ರಾಮ್ಸೆ ಸೋದರರು ‘ಪುರಾನಾ ಮಂದಿರ್’ (1984), ‘ವೀರಾನಾ’ (1988) ಮುಂತಾದವನ್ನು ಕುಟುಂಬದ ಕೈಗಾರಿಕೆಯಂತೆ ಕಡಿಮೆ ಖರ್ಚಿನಲ್ಲಿ ತಯಾರಿಸಿ ಸಣ್ಣ ಪಟ್ಟಣಗಳಲ್ಲಿ ಗೆದ್ದರು. ಕನ್ನಡದಲ್ಲಿ ಅಂತಹ ಅಖಂಡ ಭಯಾನಕ ಪರಂಪರೆ ಬೆಳೆಯಲಿಲ್ಲ. ಇಲ್ಲಿ ಅಗ್ಗದ ರೋಚಕತೆಯ ಸ್ಥಾನವನ್ನು ತುಂಬಿದ್ದು ಪತ್ತೇದಾರಿ. ‘ಜೇಡರಬಲೆ’ಯಿಂದ (1968) ಆರಂಭಿಸಿ ದೊರೈ-ಭಗವಾನ್ ತಯಾರಿಸಿದ ಸಿ.ಐ.ಡಿ. 999 ಚಿತ್ರಗಳನ್ನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳ ಜೊತೆಗಿಟ್ಟು ಓದುವುದು ಜನಪ್ರಿಯ ಸಾಹಿತ್ಯದ ಅಧ್ಯಯನಕ್ಕೆ ಫಲಕಾರಿಯಾದೀತು.

6. ಆಸ್ವಾದವೆಂದರೆ ಕ್ಷಮೆಯಲ್ಲ

‘ಎಷ್ಟು ಕೆಟ್ಟದೋ ಅಷ್ಟು ಚೆನ್ನ’ ಎಂಬ ಇತ್ತೀಚಿನ ನಗರದ ಅಭಿರುಚಿಯನ್ನು ಈ ಲೇಖನ ಅನುಮೋದಿಸುವುದಿಲ್ಲ. ನಗೆಯಲ್ಲಿ ಎರಡು ಬಗೆಯುಂಟು. ಡೇರೆಯ ಪ್ರೇಕ್ಷಕ ಭಯದ ಅಂಚಿನಲ್ಲಿ, ಚಿತ್ರದ ಜೊತೆಗೂಡಿ ನಗುತ್ತಾನೆ. ಇಂದಿನ ರಸಿಕ ಚಿತ್ರದ ಮೇಲೆ ನಗುವಾಗ ಅದನ್ನು ನಂಬಿದವರ ಮೇಲೆಯೂ ನಗುತ್ತಿರುತ್ತಾನೆ. ಎರಡನೆಯ ನಗೆ ಊರುಗಳ ಶ್ರೇಣೀಕರಣವನ್ನೇ ಮತ್ತೊಂದು ರೀತಿಯಲ್ಲಿ ಮುಂದುವರಿಸುತ್ತದೆ.

ಹಾಗೆಂದು ಈ ಚಿತ್ರಗಳ ದೋಷಗಳನ್ನು ಮುಚ್ಚಿಡುವುದೂ ಸಲ್ಲದು. ಕಾಡಿನ ಚಿತ್ರಗಳು ಆದಿವಾಸಿಗಳನ್ನು ಗರಿ ಸಿಕ್ಕಿಸಿಕೊಂಡು ಕುಣಿಯುವ ಗುಂಪಾಗಿ ಚಿತ್ರಿಸಿದವು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಹಾಡಿಗಳಲ್ಲಿ ಬದುಕುವ ಜೇನುಕುರುಬರೂ ಬೆಟ್ಟಕುರುಬರೂ ನಾಗರಹೊಳೆಯ ಕಾಡಿನಿಂದ ಹೊರಬೀಳಬೇಕಾಗಿ ಬಂದ ದಶಕಗಳಲ್ಲಿಯೇ ತೆರೆಯ ಮೇಲೆ ‘ಕಾಡುಜನ’ ಹಾಸ್ಯದ ವಸ್ತುವಾದರು. ಹೆಣ್ಣಿನ ದೇಹವನ್ನು ಮೋಹಕವಾಗಿ ತೋರಿಸಿ ಕೊನೆಗೆ ಆ ಮೋಹಕ್ಕಾಗಿ ಅವಳನ್ನೇ ಶಿಕ್ಷಿಸುವ ಕ್ರಮ ‘ಕೋಬ್ರಾ ವುಮನ್’ನಿಂದ ತೆಲುಗಿನ ‘ಜಗನ್ಮೋಹಿನಿ’ಯವರೆಗೂ ಒಂದೇ. ಆದರೆ ಇದೇ ಚಿತ್ರಗಳಲ್ಲಿ ಹೆಣ್ಣು ಕಥೆಯ ಚಾಲಕಶಕ್ತಿಯೂ ಹೌದು. ಅನೇಕ ಗೌರವಾನ್ವಿತ ಸಾಂಸಾರಿಕ ಚಿತ್ರಗಳಲ್ಲಿ ಕಣ್ಣೀರಿಡುವುದಷ್ಟೇ ಅವಳ ಪಾಲಾಗಿದ್ದಾಗ, ಇಲ್ಲಿ ಅವಳು ಶಪಿಸುತ್ತಾಳೆ, ಬೇಡುತ್ತಾಳೆ, ಸೇಡು ತೀರಿಸಿಕೊಳ್ಳುತ್ತಾಳೆ. ಈ ಎರಡನ್ನೂ ಒಟ್ಟಿಗೆ ಹಿಡಿಯಬಲ್ಲ ವಿಮರ್ಶೆ ನಮಗೆ ಬೇಕು.

ಸಮಾರೋಪ

ಈ ಚರ್ಚೆಯಿಂದ ಕೆಲವು ಓದಿನ ಸೂತ್ರಗಳು ಹೊರಡುತ್ತವೆ. ಚಿತ್ರವೊಂದರ ಕೊರತೆಯನ್ನು ದೋಷವೆಂದು ಕೈಬಿಡುವ ಮೊದಲು ಆ ಕೊರತೆ ಯಾವ ಉಪಾಯವನ್ನು ಹುಟ್ಟಿಸಿತೆಂದು ಕೇಳಬೇಕು. ಅದು ಯಾವ ಪ್ರೇಕ್ಷಕನನ್ನು ಎದುರಿಗಿರಿಸಿಕೊಂಡಿತ್ತು, ಆ ಪ್ರೇಕ್ಷಕನ ರಸಶಿಕ್ಷಣ ಎಲ್ಲಿಂದ ಬಂದಿತ್ತೆಂದು ಅರಿಯಬೇಕು. ಭಯವನ್ನು ಯಾರ ಕೈಯಿಂದ ಪರಿಹರಿಸಿತು, ಆ ಪರಿಹಾರಕ್ಕೆ ಯಾರು ಬಲಿಯಾದರು ಎಂಬುದನ್ನು ಗುರುತಿಸಬೇಕು.

ಇದಕ್ಕೆಲ್ಲ ಮೊದಲು ಚಿತ್ರಗಳು ಉಳಿದಿರಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಪ್ರತಿಯೇ ಇಂದು ನಮಗೆ ಲಭ್ಯವಿಲ್ಲ. ಪ್ರಥಮವೆಂಬ ಗೌರವವಿದ್ದ ಚಿತ್ರದ ಗತಿಯೇ ಹೀಗಿರುವಾಗ, ಉಳಿಸಲು ಯೋಗ್ಯವಲ್ಲವೆಂದು ವಿದ್ವತ್ ಲೋಕ ಮೊದಲೇ ತೀರ್ಮಾನಿಸಿದ ಚಿತ್ರಗಳ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಪತ್ರ, ಹಾಡಿನ ಪುಸ್ತಕ, ಭಿತ್ತಿಪತ್ರ, ಡೇರೆಯಲ್ಲಿ ದುಡಿದ ಆಪರೇಟರುಗಳ ಮತ್ತು ನೆಲದ ಮೇಲೆ ಕುಳಿತು ನೋಡಿದವರ ನೆನಪುಗಳು ಇನ್ನೂ ತಾಲ್ಲೂಕುಗಳಲ್ಲಿ ಇವೆ. ಜನಪದ ಕಾವ್ಯಗಳ ಸಂಗ್ರಹಕ್ಕೆ ಹಳ್ಳಿಹಳ್ಳಿಗೆ ನಡೆದ ಪರಂಪರೆ ನಮ್ಮ ಕನ್ನಡ ವಿಭಾಗಗಳದು. ಮಂಟೇಸ್ವಾಮಿಯ ಹಾಡನ್ನು ಬರೆದುಕೊಳ್ಳಲು ಹೋದ ಅದೇ ಊರುಗಳಿಗೆ ಟೂರಿಂಗ್ ಟಾಕೀಸಿನ ನೆನಪನ್ನು ಬರೆದುಕೊಳ್ಳಲು ಹೋಗುವುದು ಆ ಪರಂಪರೆಯ ಸಹಜ ಮುಂದುವರಿಕೆ. ಹೇಳುವವರಿಗೆ ವಯಸ್ಸಾಗುತ್ತಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.